ಧಾರಾವಾಹಿಯಿಂದ ಎದ್ದು ಬಂದ ಮಗ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಕತ್ತರಿ,

ಹೇಗಿದ್ದೀ? ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು. ಇಷ್ಟು ದಿನ ಉತ್ತರ ಬರೆಯದ ನನ್ನನ್ನು ನೀನು ಹೊಲಿಗೆ ಮಷೀನಿನ ಮುಂದೆ ಕೂತು ಮನಸಾರೆ ಬೈದಿರುತ್ತೀ. ಅದಕ್ಕೆ ನನ್ನ ತಕರಾರೇನೂ ಇಲ್ಲ. ಈ ಕಾಗದ ಓದಿ ಮುಗಿಸುವಾಗ ಇನ್ನೂ ಬೇಕಾಗುತ್ತದೆ, ಬೈಗುಳ ಸ್ವಲ್ಪ ಉಳಿಸಿಕೊಂಡಿರು.

ಮೊಣಕೈ ನೋವು ಕಡಿಮೆಯಾಯಿತೆ? ಇಲ್ಲಿ ಎಲ್ಲ ಎಂದಿನಂತೆ. ಹಗಲು ಕಣ್ಣಾಸ್ಪತ್ರೆಯ ಕೌಂಟರಿನಲ್ಲಿ ಕೂತು ರೋಗಿಗಳಿಗೆ ಟೋಕನ್ ಕೊಡುತ್ತೇನೆ, ಸಂಜೆ ಮನೆಯಲ್ಲಿ ಕಥೆ ಬರೆಯುತ್ತ ಕೂತು ದೆವ್ವಗಳಿಗೆ ಟೋಕನ್ ಕೊಡುತ್ತೇನೆ. ಡಾಕ್ಟರು ಹೊಸ ಕುರ್ಚಿಗಳನ್ನು ತರಿಸಿದ್ದಾರೆ. ಒಬ್ಬರು ಅಲ್ಲಾಡಿದರೆ ಸಾಕು, ಸಾಲಿಗೆ ಸಾಲೇ ಕಿರ್ ಅನ್ನುತ್ತದೆ. ಔಷಧಿ ಬಿಟ್ಟುಕೊಂಡು ಕಣ್ಣು ಮುಚ್ಚಿ ಕೂತವರೆಲ್ಲ ಬೆಚ್ಚಿಬೀಳುತ್ತಾರೆ. ಹೀಗೇ ಬರೆಯುತ್ತ ಹೋದರೆ ನೀನು "ಲೇ ಗೂಬೆ, ಸುತ್ತಿ ಬಳಸ್ಬೇಡ, ವಿಷಯಕ್ಕೆ ಬಾ" ಎನ್ನುತ್ತೀ. ಹೌದು, ಸುತ್ತಿ ಬಳಸುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ನಂಬರ್ ಒತ್ತಿ, ನೀನು ಎತ್ತುವ ಮೊದಲೇ ಇಟ್ಟುಬಿಟ್ಟೆ. ನಿನ್ನ ದನಿಯಲ್ಲಿ ಈಗ ಬಂದಿರುವ ಗೆಲುವು ಕಿವಿಗೆ ಬಿದ್ದರೆ ನಾನು ಏನು ಬೇಕಾದರೂ ಒಪ್ಪಿಕೊಂಡುಬಿಡುತ್ತೇನೆ. ಅದಕ್ಕೇ ಈ ಕಾಗದ.

ಮೊದಲು ನೀನು ಬರೆದದ್ದನ್ನೇ ಹೇಳುತ್ತೇನೆ, ಸರಿಯಾಗಿ ತಿಳಿದುಕೊಂಡಿದ್ದೇನೋ ಇಲ್ಲವೋ ನೋಡು. ನಿಮ್ಮೂರಿನಲ್ಲಿ ಎಂಟು ವರ್ಷದ ಒಂದು ಹುಡುಗಿ. ನಿದ್ದೆ ಬರುವುದಿಲ್ಲ ಎಂದು ಅಪ್ಪ ಅವಳನ್ನು ಸಮ್ಮೋಹನ ಮಾಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಅವಳನ್ನು ಮಲಗಿಸಿ, ಹಿಂದಕ್ಕೆ ಹಿಂದಕ್ಕೆ ಹೋಗು ಎಂದು ಹುಟ್ಟಿದ್ದಕ್ಕಿಂತಲೂ ಹಿಂದಕ್ಕೆ ಕಳಿಸಿದರು. ಅಲ್ಲಿಂದ ಅವಳು ಮೆಟ್ಟಿಲಿನ ಕೆಳಗಿನ ಒಂದು ಟೈಲರ್ ಅಂಗಡಿಯ ಮಾತು ತೆಗೆದಳು. ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವ ಅಮ್ಮ. ಗುಂಡಿಯ ಡಬ್ಬ ಅಲ್ಲಾಡಿಸುತ್ತ ಕೂರುವ, ಒಂದು ಕಡೆ ನಿಲ್ಲದ ಮಗ. ಡಾಕ್ಟರ ಸಹಾಯಕ ನಿನ್ನ ಹತ್ತಿರ ಪ್ಯಾಂಟು ಹೊಲಿಸುವವನು, ಅವನಿಗೆ ತಟ್ಟನೆ ಹೊಳೆಯಿತು. ಹುಡುಗಿಯನ್ನು ನಿನ್ನ ಮುಂದೆ ತಂದು ನಿಲ್ಲಿಸಿದರು. ನೀನು ನೀನೇ ಆದ್ದರಿಂದ ಮೊದಲು ಎಲ್ಲರನ್ನೂ ಬೈದು ಓಡಿಸಿದೆ. ಹೋಗುತ್ತ ಹೋಗುತ್ತ ಆ ಮಗು ತಿರುಗಿ ನಿಂತು ಹೇಳಿತು: "ಅಮ್ಮ, ನಂಗೆ ಸಿಟ್ಟಿರ್ಲಿಲ್ಲ. ಮೂಲೆ ತಿರುಗೋದ್ರೊಳಗೆ ಇಳಿದುಹೋಗಿತ್ತು. ನಾನು ವಾಪಸ್ ಬರ್ತಾ ಇದ್ದೆ."

ಆಮೇಲೆ ನೀನು ಕಟಿಂಗ್ ಮೇಜಿನ ಕೆಳಗೇ ಕುಸಿದು ಕೂತೆ ಎಂದು ಬರೆದಿದ್ದೀ. ಒಂಬತ್ತು ವರ್ಷದಲ್ಲಿ ಮೊದಲ ಸಲ ಬೆಳಗಿನವರೆಗೆ ನಿದ್ದೆ ಮಾಡಿದೆ ಎಂದೂ ಬರೆದಿದ್ದೀ. ಈಗ ಡಾಕ್ಟರು ದೊಡ್ಡ ಹಾಲಿನಲ್ಲಿ ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ, ನಿನ್ನನ್ನೂ ಹುಡುಗಿಯನ್ನೂ ವೇದಿಕೆಗೆ ಹತ್ತಿಸುತ್ತಾರೆ. ರಜೆ ಬಂದಕೂಡಲೇ ಅವಳು ನಿನ್ನ ಮನೆಗೆ ಬಂದು ಇರುತ್ತಾಳೆ. "ನೀನೂ ಬಂದು ಎರಡು ಮಾತು ಹೇಳು ಗೂಬೆ. ನಮ್ಮ ಬುಗುರೀನ ನನ್ನಷ್ಟೇ ಬಲ್ಲವಳು ನೀನೊಬ್ಬಳೇ" ಎಂದು ಬರೆದಿದ್ದೀ. ಆ ಸಾಲಿನ ಹತ್ತಿರ ನಿನ್ನ ಅಕ್ಷರ ನಮ್ಮ ಸ್ಕೂಲಿನ ದಿನಗಳಲ್ಲಿದ್ದ ಹಾಗೆ ದುಂಡಗಿದೆ.

ನಾನು ಬರುವುದಿಲ್ಲ, ಕತ್ತರಿ. ಬಂದರೂ ನೀನು ಕೇಳಿದ ಎರಡು ಮಾತು ಹೇಳಲಾರೆ. ಆ ಹುಡುಗಿ ಬುಗುರಿಯಲ್ಲ. ಅವಳ ಬಾಯಲ್ಲಿ ಬಂದದ್ದೆಲ್ಲ ನನ್ನ ಧಾರಾವಾಹಿ.

ಈ ಸಾಲು ಬರೆದು ಎದ್ದುಹೋಗಿ ಟೀ ಮಾಡಿಕೊಂಡು ಬಂದೆ. ಕುಡಿಯಲಿಲ್ಲ, ಪಕ್ಕದಲ್ಲೇ ಆರುತ್ತಿದೆ.

ನೀನು ನನ್ನ ಕಥೆ ಓದುವುದಿಲ್ಲ. "ನಿನ್ನ ದೆವ್ವಗಳನ್ನ ನೀನೇ ಸಾಕ್ಕೋ" ಎಂದು ಮೊದಲಿನಿಂದಲೂ ಹೇಳುತ್ತಿದ್ದೆ, ಬುಗುರಿ ಹೋದಮೇಲಂತೂ ವಾರಪತ್ರಿಕೆಯನ್ನೇ ಮನೆಗೆ ತರಿಸುವುದು ನಿಲ್ಲಿಸಿದೆ. ಹಾಗಾಗಿ ಎರಡು ವರ್ಷದ ಹಿಂದೆ ಅದರಲ್ಲಿ ನಾನು ಪುನರ್ಜನ್ಮದ ಕಥೆ ಬರೆದದ್ದು ನಿನಗೆ ಗೊತ್ತಿಲ್ಲ. ಎಷ್ಟು ಜಂಬದಿಂದ ಬರೆದಿದ್ದೆ ಅಂತೀ! ಈ ಜಾತಿಯ ಕಥೆಗಳನ್ನು ಓದಿದರೆ ನನಗೆ ಮೈ ಉರಿಯುತ್ತದೆ. ಹಿಂದಿನ ಜನ್ಮದಲ್ಲಿ ಎಲ್ಲರೂ ರಾಣಿಯರೇ, ಒಬ್ಬಳಾದರೂ ಪಾತ್ರೆ ತೊಳೆದವಳಿಲ್ಲ. ಡಾಕ್ಟರು ಸರಪಳಿಯ ಗಡಿಯಾರ ಅಲ್ಲಾಡಿಸಿದ ತಕ್ಷಣ ರೋಗಿ ನಾಟಕದ ಮಾತಾಡಲು ಶುರು. ಚಾಕು ಬಿದ್ದ ಜಾಗದಲ್ಲೇ ಮಚ್ಚೆ. ಕೊಂದವನು ಎದುರುಮನೆಯಲ್ಲೇ ಬಾಡಿಗೆಗೆ ಇರುತ್ತಾನೆ. ಯಾರು ನಂಬುತ್ತಾರೆ ಇದನ್ನೆಲ್ಲ? ನಾನು ನಂಬುವ ಹಾಗೆ ಬರೆಯುತ್ತೇನೆ ನೋಡಿ ಎಂದು ಸಂಪಾದಕರ ಮುಂದೆ ಮೇಜು ಕುಟ್ಟಿ ಬಂದಿದ್ದೆ.

ನಂಬಿಸುವುದು ಹೇಗೆ ಎಂದು ನನಗೆ ಗೊತ್ತು, ಅದೇ ನನ್ನ ಕಸುಬು. ಸಾವಿನಾಚೆಯಿಂದ ಬಂದ ನೆನಪು ಕೆಲಸಕ್ಕೆ ಬಾರದ್ದಾಗಿರಬೇಕು. ನಿಧಿ ಎಲ್ಲಿ ಹೂತಿದೆ ಎಂದು ಹೇಳಿದರೆ ಓದುವವರು ನಗುತ್ತಾರೆ. ಅಳತೆ ಟೇಪಿನ ಮೊದಲ ಇಂಚು ಸವೆದಿತ್ತು, ಅದಕ್ಕೆ ಅಮ್ಮ ಎರಡರಿಂದ ಅಳೆಯುತ್ತಿದ್ದಳು ಎಂದರೆ ಉಸಿರು ಹಿಡಿದು ಕೂರುತ್ತಾರೆ. ಸಮ್ಮೋಹನ ಮಾಡುವ ಡಾಕ್ಟರಿಗೇ ಸ್ವಲ್ಪ ಅನುಮಾನ ಇರಬೇಕು. ಒಂದೆರಡು ವಿವರ ತಪ್ಪಾಗಿರಬೇಕು, ಎಲ್ಲ ಸರಿಯಿದ್ದರೆ ಬಾಯಿಪಾಠ ಅನ್ನಿಸುತ್ತದೆ. ಮಗನನ್ನು ಕಳೆದುಕೊಂಡ ತಾಯಿ ಮೊದಲು ಬಾಗಿಲು ಹಾಕಿಕೊಳ್ಳಬೇಕು. ಇದೆಲ್ಲ ನನಗೆ ಕೈಬಂದ ವಿದ್ಯೆ. ಬಾರದ್ದು ಒಂದೇ, ಆ ಕೆಲಸಕ್ಕೆ ಬಾರದ ವಿವರಗಳನ್ನು ಕಲ್ಪಿಸುವುದು. ಅವು ಕಲ್ಪನೆಗೆ ಸಿಗುವುದಿಲ್ಲ, ಯಾರದಾದರೂ ಬದುಕಿನಿಂದ ಎತ್ತಬೇಕು. ನಾನು ನಿನ್ನ ಅಂಗಡಿಯಿಂದ ಎತ್ತಿದೆ.

ಗುಂಡುಪಿನ್ನು ಎತ್ತಿದೆ, ಗುಂಡಿಯ ಡಬ್ಬ ಎತ್ತಿದೆ, ಸವೆದ ಟೇಪು ಎತ್ತಿದೆ. ಊರು ಬದಲಾಯಿಸಿದೆ, ಹೆಸರು ಬದಲಾಯಿಸಿದೆ, ಬುಗುರಿಯನ್ನು ಗಿರಗಿಟ್ಲೆ ಮಾಡಿದೆ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಆ ದಿನದ ಜಗಳವನ್ನೂ ಬಿಡಲಿಲ್ಲ. ಅವನು ಗಿರಾಕಿಯ ಕೋಟಿನ ಬಟ್ಟೆಯನ್ನು ತಪ್ಪಾಗಿ ಕತ್ತರಿಸಿದ್ದು, ನೀನು ಮೇಜಿನ ಮೇಲೆ ಕತ್ತರಿ ಕುಕ್ಕಿ "ನನ್ನ ಕಣ್ಣೆದುರು ನಿಲ್ಲಬೇಡ, ಹೋಗು" ಅಂದದ್ದು, ಅವನು ಸೈಕಲ್ ಹತ್ತಿ ಹೋದದ್ದು, ಲಾರಿ. ಇದನ್ನು ನೀನು ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಭುಜಕ್ಕೆ ಬಾಯಿಟ್ಟು ಹೇಳಿದ್ದೆ. ಬೇರೆ ಯಾರಿಗೂ ಹೇಳಿರಲಿಲ್ಲ. ಅದು ಕಂತಾಗಿ ಅಚ್ಚಾಗಿ, ಬಸ್ ಸ್ಟ್ಯಾಂಡಿನಲ್ಲಿ ಕ್ಲಿಪ್ಪಿಗೆ ತೂಗುಹಾಕಿಸಿಕೊಂಡು ಮಾರಾಟವಾಯಿತು. ನಮ್ಮ ಆಸ್ಪತ್ರೆಯಲ್ಲಿ ಕೂತ ಹೆಂಗಸರು ಓದಿ ಕಣ್ಣೊರೆಸಿಕೊಳ್ಳುತ್ತಿದ್ದರು, ಔಷಧಿ ಎಲ್ಲ ಹರಿದುಹೋಯಿತು ಎಂದು ನರ್ಸು ಬೈಯುತ್ತಿದ್ದಳು. ನನಗೆ ಒಳಗೊಳಗೇ ಹೆಮ್ಮೆ. ನನ್ನ ಮುಖಕ್ಕಿಷ್ಟು.

ನಿನ್ನ ಕಾಗದ ಓದುತ್ತಿದ್ದಂತೆ ನನಗೆ ತಿಳಿದುಹೋಯಿತು. ನೀನು ಹೊಲಿದ ಬಟ್ಟೆ ರಸ್ತೆಯಲ್ಲಿ ಯಾರ ಮೈಮೇಲೆ ಕಂಡರೂ ನಿನಗೆ ಗುರುತು ಸಿಗುತ್ತದಲ್ಲ, ಹಾಗೆ. ಆ ಮಗು ಹೇಳಿದ್ದೆಂದು ನೀನು ಬರೆದ ಮಾತುಗಳ ಹೊಲಿಗೆ ನನ್ನದು. ಅದರಲ್ಲಿ ನನ್ನ ತಪ್ಪುಗಳೂ ಇದ್ದವು. ಮೊಣಕಾಲಿನ ಗಾಯದ ಗುರುತು ಎಡಗಾಲಿನದು ಅಂದಳಂತೆ. ಬುಗುರಿಗಿದ್ದದ್ದು ಬಲಗಾಲಿಗೆ, ಅದಕ್ಕೆ ಹೊಲಿಗೆ ಹಾಕಿಸಲು ಕರೆದುಕೊಂಡು ಹೋದದ್ದು ನಾವಿಬ್ಬರೂ. ಕಥೆಯಲ್ಲಿ ಬೇಕೆಂದೇ ಎಡಗಾಲು ಮಾಡಿದ್ದೆ. ನೀನು ಏನು ಬರೆದಿದ್ದೀ ನೋಡು: "ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿರುತ್ತೆ ಅಂತ ಡಾಕ್ಟರ್ ಹೇಳಿದರು. ಯೋಚನೆ ಮಾಡಿದರೆ ಎಡಗಾಲೇ ಇರಬೇಕು ಅನ್ನಿಸುತ್ತೆ." ಹೆಸರೇನು ಎಂದು ಕೇಳಿದಾಗ, ಗರಗರ ತಿರುಗುವ ಏನೋ ಒಂದು ಅಂದಳಂತೆ. "ಬುಗುರಿಯಾ?" ಎಂದು ಕೇಳಿದವಳು ನೀನು. ಅವಳು ಹೌದು ಅಂದಳು. ಇದಕ್ಕೆ ನಾನು ನಿನ್ನನ್ನು ಹಂಗಿಸುತ್ತಿಲ್ಲ. ನನ್ನ ಕಥೆಯ ತಾಯಿಯೂ ಹೀಗೇ ಮಾಡುತ್ತಾಳೆ, ಆ ಅಧ್ಯಾಯ ಬಹಳ ಸಹಜವಾಗಿದೆ ಎಂದು ಎಲ್ಲರೂ ಹೊಗಳಿದ್ದರು.

ಈಗ ಆ ಮಾತಿಗೆ ಬರುತ್ತೇನೆ. ಬರದೆ ವಿಧಿಯಿಲ್ಲ. "ನಂಗೆ ಸಿಟ್ಟಿರ್ಲಿಲ್ಲ, ವಾಪಸ್ ಬರ್ತಾ ಇದ್ದೆ" ಅಂದದ್ದು. ಅದನ್ನು ನಾನು ಎಲ್ಲಿಂದಲೂ ಎತ್ತಲಿಲ್ಲ, ನಾನೇ ಕಟ್ಟಿದ್ದು. ನಿನಗೆ ಸಮಾಧಾನವಾಗಲಿ ಎಂದು ಕಟ್ಟಿದೆ ಎನ್ನಲು ನಾಲಿಗೆ ತುದಿಗೆ ಬರುತ್ತಿದೆ, ಆದರೆ ಅದೂ ಸುಳ್ಳು. ಕೊನೆಯ ಕಂತಿನಲ್ಲಿ ಮಗ ಸಿಟ್ಟಿನಲ್ಲೇ ಸತ್ತ ಎಂದು ಬರೆದು ಕೊಟ್ಟಿದ್ದೆ. ಸಂಪಾದಕರು ವಾಪಸ್ ಕಳಿಸಿದರು. "ಇಷ್ಟು ವಾರ ಅಳಿಸಿದ್ದೀರಿ ಮೇಡಂ, ಕೊನೇಲಾದ್ರೂ ಓದುಗರ ಎದೆ ತಣ್ಣಗೆ ಮಾಡಿ. ಇಲ್ಲಾಂದ್ರೆ ಬೈದು ಪತ್ರ ಬರೀತಾರೆ" ಎಂದರು. ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಟೋಕನ್ ಪೆಟ್ಟಿಗೆ ಪಕ್ಕಕ್ಕೆ ಸರಿಸಿ ಕೂತು ಆ ಸಾಲು ಬರೆದು ಕಳಿಸಿದೆ.

ಸೈಕಲ್ಲು ಯಾವ ಕಡೆ ಮುಖ ಮಾಡಿ ಬಿದ್ದಿತ್ತು ಎಂದು ನೀನು ಎಷ್ಟು ಜನರನ್ನು ಕೇಳಿದೆ. ಮೂಲೆ ಅಂಗಡಿಯವನನ್ನು, ಎತ್ತಿ ತಂದವರನ್ನು, ಲಾರಿಯ ಕ್ಲೀನರನನ್ನು ಸಹ. ಯಾರೂ ನೋಡಿರಲಿಲ್ಲ. ನನಗೂ ಗೊತ್ತಿಲ್ಲ, ಕತ್ತರಿ. ಅವನು ನಿಜವಾಗಿಯೂ ತಿರುಗಿ ಬರುತ್ತಿದ್ದಿರಬಹುದು. ಅವನ ಸಿಟ್ಟು ಯಾವತ್ತು ಹೆಚ್ಚು ಹೊತ್ತು ನಿಂತಿತ್ತು ಹೇಳು? ಹಾಗಂತ ನನ್ನ ಮನಸ್ಸು ಹೇಳುತ್ತದೆ. ಆದರೆ ಆ ಮಾತು ಹೇಳಿದವನು ಅವನಲ್ಲ, ನಾನು. ಈ ಒಂದು ತಪ್ಪಿಗೆ ನಿನ್ನ ಹತ್ತಿರ ಕ್ಷಮೆ ಕೇಳಲಿಕ್ಕೂ ನನಗೆ ಬಾಯಿ ಬರುತ್ತಿಲ್ಲ.

ಹೋಗಲಿ, ಸುಮ್ಮನಿದ್ದುಬಿಡಲೇ ಎಂದು ಯೋಚಿಸಿದೆ. ದಿನಗಟ್ಟಲೆ ಯೋಚಿಸಿದೆ. ನೀನು ನಿದ್ದೆ ಮಾಡುತ್ತಿದ್ದೀ, ಹೊಟ್ಟೆ ತುಂಬ ಉಣ್ಣುತ್ತಿದ್ದೀ, ಅಂಗಡಿಗೆ ಬಣ್ಣ ಹೊಡೆಸಿದ್ದೀ. ಯಾರ ಗಂಟು ಹೋಗುತ್ತದೆ? ಹಾಗೆ ನನಗೆ ನಾನೇ ಹೇಳಿಕೊಂಡು, ಅದೂ ಸರಿಯೆನ್ನಿಸದೆ, ಕಳೆದ ಶನಿವಾರ ರಜೆ ಹಾಕಿ ನಿಮ್ಮೂರಿಗೆ ಬಂದೆ. ನಿನಗೆ ಹೇಳಲಿಲ್ಲ. ನಿನ್ನ ಅಂಗಡಿಯ ರಸ್ತೆ ತಪ್ಪಿಸಿ ಹಿಂದಿನ ರಸ್ತೆಯಲ್ಲಿ ಕಳ್ಳಿಯ ಹಾಗೆ ನಡೆದು ಆ ಹುಡುಗಿಯ ಮನೆಗೆ ಹೋದೆ. ಮಾತಿನ ಮೂಲ ಖಚಿತ ಮಾಡಿಕೊಳ್ಳಬೇಕಾಗಿತ್ತು.

ಮೂರನೇ ಮಹಡಿ. ಹುಡುಗಿಯ ತಾಯಿ ಒಬ್ಬಳೇ ಇದ್ದಳು, ಹಾಸಿಗೆಯ ತುಂಬ ಒಗೆದ ಬಟ್ಟೆ ಹರಡಿಕೊಂಡು ಮಡಚುತ್ತಿದ್ದಳು. ನಿನ್ನ ಸ್ನೇಹಿತೆ ಅಂದ ಕೂಡಲೇ ಮುಖ ಗಂಟಾಯಿತು, ಆದರೂ ಕೂರಿಸಿದಳು. ಮನೆಯಲ್ಲಿ ಯಾರಾದರೂ ಕಥೆ ಓದುತ್ತೀರಾ ಎಂದು ಕೇಳಿದೆ. "ನಂಗೆಲ್ಲಿ ಪುರುಸೊತ್ತು? ನಮ್ಮತ್ತೆಗೆ ಹುಚ್ಚಿತ್ತು. ಕಣ್ಣು ಕಾಣ್ತಿರ್ಲಿಲ್ಲ, ನಾದಿನಿ ಕೈಲಿ ಪ್ರತಿ ವಾರ ಪತ್ರಿಕೆ ಧಾರಾವಾಹಿ ಗಟ್ಟಿಯಾಗಿ ಓದಿಸ್ತಿದ್ರು. ಇವಳು ಅಜ್ಜಿ ತೊಡೆ ಮೇಲೆ ಮಲಗಿರ್ತಿದ್ಲು, ಅರ್ಧ ನಿದ್ದೆ ಅರ್ಧ ಎಚ್ಚರ" ಅಂದಳು. ಅತ್ತೆ ತೀರಿಕೊಂಡರು, ನಾದಿನಿ ಮದುವೆಯಾಗಿ ಹೋದಳು, ಕಥೆ ಎಲ್ಲರಿಗೂ ಮರೆತುಹೋಯಿತು. ಆ ಮಗುವಿನೊಳಗೆ ಮಾತ್ರ ಉಳಿದುಕೊಂಡಿತು. ಅವಳು ಸುಳ್ಳು ಹೇಳುತ್ತಿಲ್ಲ, ಅದನ್ನು ನೀನು ಮೊದಲು ತಿಳಿದುಕೋ. ಅಜ್ಜಿಯ ತೊಡೆಯ ಮೇಲೆ ಕೇಳಿದ್ದು ಅವಳಿಗೆ ಕಂಡದ್ದಾಗಿಬಿಟ್ಟಿದೆ. ಆ ತಾಯಿ ಹೇಳಿದ್ದನ್ನು ಕೇಳಿದರೆ ಡಾಕ್ಟರೂ ಮೋಸಗಾರ ಅನ್ನಿಸಲಿಲ್ಲ, ತನ್ನ ವಿದ್ಯೆಗೆ ತಾನೇ ಮರುಳಾದವನು. ನನ್ನ ಹಾಗೆ.

ಆಮೇಲೆ ಆ ತಾಯಿ ಮಡಚುವುದು ನಿಲ್ಲಿಸಿ ಒಂದು ಮಾತು ಹೇಳಿದಳು. "ವಾರವಾರ ಮಲಗಿಸ್ತಾರೆ. ಎದ್ದ ಮೇಲೆ ಒಂದೊಂದು ಸಲ ನನ್ನನ್ನ ಆಂಟಿ ಅಂತಾಳೆ. ಹೆಸರು ಹಿಡಿದು ಕರೆದ್ರೆ ತಿರುಗಲ್ಲ. ಸ್ಕೂಲಿಗೆ ಹೋಗಲ್ಲ, ಅಲ್ಲಿ ಮಕ್ಕಳು ದೆವ್ವ ದೆವ್ವ ಅಂತ ಓಡ್ತಾರಂತೆ. ನಮ್ಮನೆಯವರಿಗೆ ಪೇಪರಲ್ಲಿ ಫೋಟೋ ಬರುತ್ತೆ ಅನ್ನೋ ಖುಷಿ. ನಿಮ್ಮ ಸ್ನೇಹಿತೆ ಒಳ್ಳೆಯವರು, ಮಗನ್ನ ಕಳ್ಕೊಂಡಿದ್ದಾರೆ, ನಂಗೂ ಸಂಕಟ ಆಗುತ್ತೆ. ಆದ್ರೆ ನಾನೂ ಹೆತ್ತಿದೀನಲ್ಲ? ರಜೆಗೆ ಕರ್ಕೊಂಡು ಹೋಗ್ಬೇಡಿ ಅಂತ ಅವ್ರಿಗೆ ಹೇಳ್ತೀರಾ?"

ಹೇಳುತ್ತೇನೆ ಅಂದೆ. ಇದೆಲ್ಲ ನನ್ನಿಂದಾದದ್ದು ಎಂದು ಮಾತ್ರ ಅವಳಿಗೆ ಹೇಳಲಿಲ್ಲ. ಹೇಡಿ ನಾನು. ಅವಳು ಕೊಟ್ಟ ಕಾಫಿ ಕುಡಿದು ಬಂದೆ.

ಅದಕ್ಕೇ ಸುಮ್ಮನಿರಲಾಗದು, ಕತ್ತರಿ. ನಿನ್ನ ಸಮಾಧಾನವೊಂದೇ ಆಗಿದ್ದರೆ ನಾನು ಈ ಗುಟ್ಟನ್ನು ನನ್ನ ಜೊತೆ ಸುಡಲು ಬಿಡುತ್ತಿದ್ದೆ. ಆದರೆ ಆ ಮಗು ದಿನದಿನವೂ ತನ್ನ ಮನೆಯಿಂದ ಎದ್ದು ನನ್ನ ಕಥೆಯೊಳಗೆ ಹೋಗುತ್ತಿದೆ. ನೀನು ಮಗನನ್ನು ಕಳೆದುಕೊಂಡವಳು. ಇನ್ನೊಬ್ಬಳ ಮಗಳನ್ನು ಕಳೆಯುವವಳು ನೀನಲ್ಲ, ಅಷ್ಟು ನಿನ್ನನ್ನು ಬಲ್ಲೆ. ಅವಳನ್ನು ವೇದಿಕೆಗೆ ಹತ್ತಿಸಬೇಡ. ಮನೆಗೂ ಕರೆಸಿಕೊಳ್ಳಬೇಡ. ಒಂದು ಸಲ ಹೋಗಿ, ಅವಳ ಸ್ವಂತ ಹೆಸರು ಹಿಡಿದು ಕರೆದು, ನೀನು ನನ್ನ ಮಗನಲ್ಲ ಕಂದ, ನಿಮ್ಮಮ್ಮ ಅಲ್ಲಿದ್ದಾಳೆ ನೋಡು ಎಂದು ನೀನೇ ಹೇಳಿ ಬಾ. ನಿನ್ನ ಬಾಯಿಂದ ಬಂದರೆ ಮಾತ್ರ ಅವಳು ನಂಬುತ್ತಾಳೆ. ಎಂಥ ಕೆಲಸ ಹೇಳುತ್ತಿದ್ದೇನೆ ಎಂದು ನನಗೆ ಗೊತ್ತು. ನೀನು ಒಲ್ಲೆಯೆಂದರೆ ನಾನೇ ಆ ಹಾಲಿಗೆ ಬಂದು, ಎಲ್ಲರೆದುರು ನನ್ನ ಧಾರಾವಾಹಿ ಓದಿ ಹೇಳುತ್ತೇನೆ. ಹಾಗೆ ಮಾಡಿಸಬೇಡ, ದಮ್ಮಯ್ಯ.

ನಾನು ಹೇಳಿದ್ದು ನಿಜವೋ ಅಲ್ಲವೋ ಎಂದು ನೋಡಬೇಕೆನ್ನಿಸಿದರೆ ಹಳೆಯ ಕಂತುಗಳು ಲೈಬ್ರರಿಯಲ್ಲಿ ಸಿಗುತ್ತವೆ. ಓದಬೇಡ ಎಂದೇ ನನ್ನ ಸಲಹೆ.

ಇನ್ನು ಮುಂದೆ ನೀನು ನನ್ನ ಜೊತೆ ಮಾತು ಬಿಟ್ಟರೂ ಸರಿಯೇ. ನಲವತ್ತು ವರ್ಷದ ಸ್ನೇಹದಲ್ಲಿ ನಾನು ಎತ್ತಿಕೊಂಡದ್ದೆಲ್ಲ ನೀನು ನಂಬಿ ಕೊಟ್ಟದ್ದೇ. ನಿನ್ನ ಮೊಣಕೈ ಬೇಗ ಗುಣವಾಗಲಿ, ಕಣ್ಣಿಗೆ ನಿದ್ದೆ ಇರಲಿ, ಯಾರು ಬಂದು ಏನೇ ಹೇಳಿದರೂ ನಿನ್ನ ಮಗ ನಿನ್ನ ಮೇಲೆ ಮುನಿಸಿಕೊಂಡು ಉಳಿಯುವವನಲ್ಲ ಎಂಬ ನಂಬಿಕೆ ನಿನ್ನೊಳಗಿಂದಲೇ ನಿನಗೆ ಸಿಗಲಿ. ಬಿಸಿನೀರಿನ ಚೀಲ ಇಡುವುದು ಮರೆಯಬೇಡ.

ಇಂತಿ,
ನಿನ್ನ ಗೂಬೆ

ತಾ.ಕ.: ಕವರಿಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಮಾತಿನ ಮೂಲ ಖಚಿತ ಮಾಡಿಕೊಳ್ಳಲು ಆ ಮನೆಗೆ ಹೋದೆ ಎಂದು ಬರೆದಿದ್ದೇನಲ್ಲ, ಅದು ಪೂರ್ತಿ ನಿಜವಲ್ಲ. ಮೂಲ ನನಗೆ ನಿನ್ನ ಕಾಗದ ಓದಿದಾಗಲೇ ಗೊತ್ತಿತ್ತು. ಆ ಬೆಳಿಗ್ಗೆ ಹೊರಡುವ ಮೊದಲು ನಾನು ತಲೆಗೆ ಬಣ್ಣ ಹಚ್ಚಿಕೊಂಡೆ. ಈ ಒಂಬತ್ತು ವರ್ಷದಲ್ಲಿ ಕೂದಲೆಲ್ಲ ಬೆಳ್ಳಗಾಗಿದೆ, ಅವನಿಗೆ ನನ್ನ ಗುರುತು ಸಿಗದಿದ್ದರೆ ಎಂದು. ತಾಯಿ ಕಾಫಿ ಮಾಡಲು ಒಳಗೆ ಹೋದಾಗ ಹುಡುಗಿ ಹೊರಗಿನಿಂದ ಬಂದಳು. ಅವಳ ಮುಂದೆ ನೆಲದ ಮೇಲೆ ಕೂತು ಕೇಳಿದೆ, "ನಾನು ಯಾರು ಹೇಳು?" ಅವಳು ನನ್ನ ಮುಖವನ್ನೇ ನೋಡಿದಳು. ತಪ್ಪು ಹೇಳಿದರೆ ನನಗೆ ಬೇಜಾರಾಗುತ್ತದೆ ಎಂದು ಅವಳಿಗೆ ತಿಳಿದಿತ್ತು ಅನ್ನಿಸುತ್ತದೆ, ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, "ನೀವು ಇದೇ ಮೊದಲು ಬಂದಿದ್ದಾ?" ಅಂದಳು.

ಎಲ್ಲಿಂದ ಗೊತ್ತಿರಬೇಕು ಅವಳಿಗೆ? ಕಥೆಯಲ್ಲಿ ನಿನ್ನನ್ನು ಇಟ್ಟಿದ್ದೆ, ಅಂಗಡಿಯ ಬೆಕ್ಕನ್ನೂ ಇಟ್ಟಿದ್ದೆ, ನನ್ನನ್ನು ಮಾತ್ರ ತೆಗೆದುಹಾಕಿದ್ದೆ. ಬರೆಯುವವಳೊಬ್ಬಳು ಕಥೆಯೊಳಗೆ ಕೂತಿದ್ದರೆ ಓದುವವರಿಗೆ ಅನುಮಾನ ಬರುತ್ತದೆ ಎಂದು. ಪ್ರತಿ ರಜೆಯೂ ಅವನು ನನ್ನ ಮನೆಯಲ್ಲಿದ್ದ, ನನ್ನ ಕಾಲಮೇಲೆ ಕಾಲು ಹಾಕಿಕೊಂಡೇ ನಿದ್ದೆ ಮಾಡುತ್ತಿದ್ದ. ಅವನು ನಿನ್ನ ಮಗ. ಅವತ್ತು ಎಲ್ಲರೂ ಬಂದು ನಿನ್ನನ್ನು ಹಿಡಿದುಕೊಂಡರು, ಅದೇ ಸರಿ. ನಾನೂ ಅವನನ್ನು ಕಳೆದುಕೊಂಡೆ ಎಂದು ಯಾರಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ಧಾರಾವಾಹಿ ಬರೆಯುತ್ತಿದ್ದ ಅಷ್ಟು ತಿಂಗಳು ವಾರಕ್ಕೊಂದು ಸಂಜೆಯಾದರೂ ಅವನ ಜೊತೆ ಕೂರುತ್ತಿದ್ದೆ. ಅದಕ್ಕೇ ಬರೆದೆ.

ಅವರ ಮನೆಯ ಮೆಟ್ಟಿಲಲ್ಲೇ ಕೂತು ಅತ್ತುಬಿಟ್ಟೆ. ಅವನು ಅಲ್ಲಿಲ್ಲ ಎಂದು ಚೆನ್ನಾಗಿ ಗೊತ್ತಿದ್ದ ನನಗೇ ಹಾಗಾಯಿತು, ಕತ್ತರಿ. ಇದ್ದಾನೆಂದೇ ನಂಬಿರುವ ನಿನಗೆ ಈ ಕಾಗದ ಕಳಿಸುತ್ತಿದ್ದೇನೆ.